ಅಳಿಲಿನ ಎಡಗೆನ್ನೆ

ಗಾಳಿ ನೀಲಿ ಬಟ್ಟೆಯನ್ನು ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ, ಒತ್ತಿದಾಗೊಮ್ಮೆ ಒಳಗಿನ ಕಂಚಿನಾಳಿನ ಟೋಪಿಯಂಚು ಮೂಡುತ್ತದೆ, ಮೂಗು ಮೂಡುತ್ತದೆ, ಆಮೇಲೆ ಮೂಗಿನ ಪಕ್ಕಕ್ಕೆ, ಎಡಗಡೆ, ಕೋಳಿಮೊಟ್ಟೆಯಷ್ಟು ದಪ್ಪಕ್ಕೆ ಅದು — ಇರಲಾರದು, ಬಟ್ಟೆಯ ಸುಕ್ಕಿರಬೇಕು, ಮಾತು ಕೊಟ್ಟಿದ್ದಾರಲ್ಲ, ವರ್ಲಿನ್ ಓಕ್ಸ್ ಮಡಿಸುವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದ, ಬಾಗಿದ್ದಕ್ಕೆ ಜೊಲ್ಲು ಇಳಿಯಿತು, ಮಫ್ಲರಿನೊಳಗೇ ಇಳಿದು ಕುತ್ತಿಗೆಯ ಹೊಲಿಗೆಯ ಗುಂಟ ಹರಿಯಿತು, ಥೂ ಎಂದು ಉಗುಳಬೇಕೆನಿಸಿತು, ಇಡೀ ಆಯುಷ್ಯ ಉಗುಳಿದವನಿಗೆ ಈಗ ಉಗುಳಲು ಬಾಯಿಯಿಲ್ಲ. ಈ ಮಫ್ಲರೂ ಅವರದೇ, ಬಾರ್ಜ್‌ಮೆನ್ ಬೇಸ್‌ಬಾಲ್ ತಂಡದ ನೀಲಿ ಬಣ್ಣದ್ದು, ತಂಡದ ಒಡೆಯ ಗಾರ್ಲಂಡ್ ಪೈಕ್ ಬೆಳಿಗ್ಗೆ ತನ್ನ ಕೈಯಾರೆ ಸುತ್ತಿದ್ದು, ನದಿ ಕಡೆಯಿಂದ ಗಾಳಿ ಬೀಸ್ತಿದೆ, ಮುಚ್ಕೊಂಡಿರು ಮಾರಾಯ, ಚಳಿ ಹಿಡಿದೀತು, ಮಕ್ಕಳೆಲ್ಲಾ ಬಂದಿರ್ತಾವೆ ನೋಡು, ಎಂದ, ಚಳಿ ಎಂದದ್ದು ಮೊದಲು, ಮಕ್ಕಳು ಎಂದದ್ದು ಆಮೇಲೆ, ಹೀಗೆ ಒಂದರ ಬೆನ್ನಿಗೆ ಇನ್ನೊಂದನ್ನು ಬಚ್ಚಿಡುವುದರಲ್ಲಿ ಆ ಮನೆತನವೇ ಪಳಗಿದ್ದು, ಅವನಪ್ಪನೂ ಹಾಗೇ. ಚಳಿಗಾಲದಲ್ಲಿ ಪೈಕ್ ಮನೆಗೆ ಬಂದು ಅಡುಗೆಮನೆಯ ಮೇಜಿನೆದುರು ಕೂತಿದ್ದ, ನಮ್ ಅಳಿಲಿಗೆ ಮೂರ್ತಿ ನಿಲ್ಲಿಸ್ತೀವಿ ನೋರೀನ್, ಊರಿಗೆ ಊರೇ ಕೇಳ್ತಿದೆ, ವರ್ಲಿನ್‌ಗೆ ಮಾತು ಬರುವುದಿಲ್ಲ, ಬರುವುದು ನೀರಿನಡಿಯ ಗೊರಗೊರ ಅಷ್ಟೇ, ಅವನು ತನ್ನ ಎಡಗೆನ್ನೆಯಿದ್ದ ಕುಳಿಯ ಮೇಲೆ ಬೆರಳಿಟ್ಟು ಕೈ ಅಡ್ಡ ಆಡಿಸಿದ, ಮತ್ತೆ ಬೆರಳಿಟ್ಟ, ಮತ್ತೆ ಅಡ್ಡ ಆಡಿಸಿದ, ನೋರೀನ್ ಹೆಂಡತಿಯಾದದ್ದಕ್ಕೆ ಅದು ತಿಳಿಯಿತು, ಅವನು ಕೇಳೋದು ಒಂದೇ ಮಿಸ್ಟರ್ ಪೈಕ್, ಮೂರ್ತಿಯ ಬಾಯಲ್ಲಿ ಹೊಗೆಸೊಪ್ಪು ಬೇಡ, ಕೆನ್ನೆ ಚಪ್ಪಟೆ ಇರ್ಲಿ, ಹಾಗಿದ್ರೆ ಮಾತ್ರ ಬರ್ತಾನೆ. ಅಷ್ಟೇನಾ, ಅದೇನು ಮಹಾ ತಾಯಿ, ಆಯ್ತು ಅಂದ್ಕೊ. ಆಯ್ತು ಅಂದ್ಕೊ. ಮೂಗಿಗೆ ತುಪ್ಪ. ಗಾಳಿ ಮತ್ತೆ ಒತ್ತುತ್ತದೆ, ಮೂಗು, ಮೂಗಿನ ಎಡಕ್ಕೆ ಅದು, ಸುಕ್ಕಾಗಿದ್ದರೆ ಜಾಗ ಬದಲಿಸಬೇಕಿತ್ತು, ಬದಲಿಸುತ್ತಿಲ್ಲ, ಚೆಂಡು ಬ್ಯಾಟಿಗೆ ತಗುಲಿದ ಸದ್ದಿನಿಂದಲೇ ಅದು ಎಲ್ಲಿ ಬೀಳುತ್ತದೆಂದು ಹೇಳುತ್ತಿದ್ದವನು ತಾನು, ಬಟ್ಟೆಯ ಸುಕ್ಕು ಯಾವುದು ಕೆನ್ನೆಯ ಉಬ್ಬು ಯಾವುದು ತಿಳಿಯದಿರುತ್ತದೆಯೇ.

ಆ ಸದ್ದು, ಪೊಳ್ಳಾಗಿ ಬಂದರೆ ಮುಂದಕ್ಕೆ ಓಡು, ಗಟ್ಟಿಯಾಗಿ ಬಂದರೆ ಬೆನ್ನು ತಿರುಗಿಸು, ತಲೆ ಬಗ್ಗಿಸಿ ಓಡು, ನೋಡಬೇಡ, ನೋಡುತ್ತ ಓಡಿದವನು ಅರ್ಧ ಹೆಜ್ಜೆ ಕಳೆದುಕೊಳ್ಳುತ್ತಾನೆ, ಹುಲ್ಲು ಮುಗಿದು ಜಲ್ಲಿ ಕಾಲಿಗೆ ಕಿರುಗುಟ್ಟಿದರೆ ಗೋಡೆ ಬಂತು ಎಂದು ತಿಳಿ, ಇದನ್ನೆಲ್ಲ ಕಲಿಸಿದವನು ಕೋಚ್ ಎಮೆಟ್ ಸಾಲ್ಟರ್, ಕೆಳಗಿನ ಲೀಗಿನ ಆ ಬಸ್ಸಿನಲ್ಲಿ, ಕಿಟಕಿ ಮುಚ್ಚಲು ಬಾರದ ಆ ಬಸ್ಸಿನಲ್ಲಿ, ಪಕ್ಕ ಕೂತು ಹೊಗೆಸೊಪ್ಪಿನ ಡಬ್ಬಿ ಮುಂದೆ ಹಿಡಿದವನೂ ಅವನೇ. ಹಿಂಬದಿಯಲ್ಲಿ ನಿಲ್ಲೋನಿಗೆ ಬಾಯಿ ಒಣಗ್ತದೆ ಕಣೋ, ಧೂಳು, ಬಿಸಿಲು, ಒಂದು ಗಂಟೆ ಚೆಂಡು ಬರಲ್ಲ, ಬಂದಾಗ ನಿದ್ದೆ ಮಾಡ್ತಿರ್ತೀಯ, ಇಟ್ಕೋ, ವರ್ಲಿನ್ ಇಟ್ಟುಕೊಂಡ, ಮುಂದಿನ ತಿರುವಿನಲ್ಲಿ ಕಿಟಕಿಯಾಚೆ ತಲೆ ಹಾಕಿ ಕರುಳೇ ಬರುವ ಹಾಗೆ ಕಾರಿದ, ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು, ಬಾ ತಮ್ಮಾ, ಈಗ ನೀನು ನಮ್ಮೋನು, ಎಂದರು, ವಾಂತಿಯೇ ದೀಕ್ಷೆ, ಎಂಥ ಮಠ ಅದು. ಆಮೇಲೆ ಉಂಡೆ ದೊಡ್ಡದಾಯಿತು, ಕೆನ್ನೆ ದೊಡ್ಡದಾಯಿತು, ಮೇಲಿನ ಲೀಗಿಗೆ, ಇದೇ ಟಿಲ್ಮನ್ ಲ್ಯಾಂಡಿಂಗಿಗೆ ಬಂದಾಗ ಊರು ಅವನ ಹೆಸರು ಕೇಳುವ ಮೊದಲು ಕೆನ್ನೆ ನೋಡಿತು, ಅಳಿಲು ಎಂದಿತು, ಅಳಿಲಾದ, ಅವನು ಬ್ಯಾಟು ಹಿಡಿದು ಬಂದರೆ ಗ್ಯಾಲರಿಯ ಅಷ್ಟೂ ಜನ ಎಡಗೆನ್ನೆ ಊದಿಸಿ ಉಸಿರು ಕಟ್ಟಿ ಕೂರುತ್ತಿದ್ದರು, ಅವನು ತನ್ನ ಉಬ್ಬಿದ ಕೆನ್ನೆಯನ್ನು ಎರಡು ಬೆರಳಲ್ಲಿ ತಟ್ಟಬೇಕು, ಆಗಷ್ಟೇ ಅವರೆಲ್ಲ ಒಟ್ಟಿಗೆ ಪುಸ್ಸೆಂದು ಬಿಡಬೇಕು, ಇಡೀ ಮೈದಾನ ನಿಟ್ಟುಸಿರಿಟ್ಟ ಹಾಗೆ ಕೇಳುತ್ತಿತ್ತು, ಎಷ್ಟು ಇಷ್ಟವಾಗಿತ್ತು ಅದು, ದೇವರೇ, ಅಜ್ಜಿಯರೂ ಊದಿಸುತ್ತಿದ್ದರು, ಚರ್ಚಿನ ಪಾದ್ರಿ ಊದಿಸುತ್ತಿದ್ದ, ಕೆಲವೊಮ್ಮೆ ವರ್ಲಿನ್ ಬೇಕೆಂದೇ ತಡ ಮಾಡುತ್ತಿದ್ದ, ಅವರ ಮುಖ ಕೆಂಪಾಗುವವರೆಗೆ. ಗ್ಲೌಸಿಗೂ ಅದೇ ಉಗುಳು, ಚರ್ಮ ಮೆತ್ತಗಾಗಲೆಂದು ಗ್ಲೌಸಿನ ಅಂಗೈಗೆ ಉಗುಳಿ ತಿಕ್ಕುವುದು, ಈಗಲೂ ಆ ಗ್ಲೌಸು ಮೈದಾನದ ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿದೆ, ಕಂದು ಕಲೆ ಸಹಿತ, ಅಪ್ಪಂದಿರು ಮಕ್ಕಳನ್ನು ಎತ್ತಿ ತೋರಿಸುತ್ತಾರೆ, ಆ ಕಲೆ ಏನು ಅಂತ ಗೊತ್ತಾ ಪುಟ್ಟಾ, ಬೆವರು ಕಣೋ, ಬೆವರು. ಮತ್ತೆ ಆ ಗೋಡೆಯ ಕ್ಯಾಚು, ಅದಿಲ್ಲದೆ ಈ ಮೂರ್ತಿಯೂ ಇಲ್ಲ, ಗಟ್ಟಿ ಸದ್ದು, ಬೆನ್ನು ತಿರುಗಿಸಿದ, ಜಲ್ಲಿ ಕಿರುಗುಟ್ಟಿತು, ಹಾರಿದ, ಗೋಡೆಗೆ ಎದೆ ಅಪ್ಪಳಿಸಿತು, ಬಾಯಲ್ಲಿದ್ದ ಉಂಡೆ ಗಂಟಲಿಗಿಳಿಯಿತು, ಚೆಂಡು ಗ್ಲೌಸಿನಲ್ಲಿ, ಅವನು ಚೆಂಡನ್ನು ಎತ್ತಿ ಹಿಡಿದುಕೊಂಡೇ ಮಂಡಿಯೂರಿ ಕಾರಿದ, ಕಪ್ಪಗೆ, ಗೋಡೆಯ ಬುಡಕ್ಕೆ, ಮಾರನೆಯ ದಿನ ಪತ್ರಿಕೆಯಲ್ಲಿ ಬಂತು, ತಂಡಕ್ಕಾಗಿ ಪ್ರಾಣವನ್ನೇ ಒತ್ತೆಯಿಟ್ಟ ವೀರ ನೆಲಕ್ಕೆ ಹಣೆ ಹಚ್ಚಿ ಪ್ರಾರ್ಥಿಸಿದ ಎಂದು, ಆ ಮೂಲೆಗೆ ಅಳಿಲಿನ ಗೂಡು ಎಂದು ಹೆಸರಿಟ್ಟು ಈಗ ಅಲ್ಲಿ ಬಿಯರ್ ಮಾರುತ್ತಾರೆ, ವಾಂತಿಯ ಮೇಲೆ ನಿಂತು ಕುಡಿಯುತ್ತಾರೆ.

ಯಾರ ಸೊಪ್ಪು ಅದು, ಯಾರೂ ದುಡ್ಡು ಕೊಟ್ಟು ಕೊಂಡದ್ದಲ್ಲ, ಪ್ರತಿ ವಸಂತದಲ್ಲಿ ಕಂಪನಿಯವನು ಬರುತ್ತಿದ್ದ, ಧೂಳು ತಾಗದ ಬೂಟಿನವನು, ಬಟ್ಟೆ ಬದಲಿಸುವ ಕೋಣೆಯ ಒಬ್ಬೊಬ್ಬರ ಕಪಾಟಿನಲ್ಲೂ ಡಬ್ಬಿಗಳ ಗೋಪುರ ಕಟ್ಟಿಟ್ಟು ಹೋಗುತ್ತಿದ್ದ, ಬಿಟ್ಟಿ, ತಾನು ಮಾತ್ರ ಒಂದು ಎಳೆಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ಏನ್ ಸಾರ್ ನೀವು ಹಾಕಲ್ವಾ, ಅಂತ ಹೋಲಿಸ್ ಕೇಳಿದ್ದಕ್ಕೆ, ನನ್ ಹೆಂಡ್ತಿ ಮುತ್ತು ಕೊಡಲ್ಲಪ್ಪಾ, ಅಂದ, ಎಲ್ಲರೂ ನಕ್ಕರು. ಹೋಲಿಸ್ ಟರ್ನಿಪ್‌ಸೀಡ್, ಎಡಗಡೆಯ ಕಾವಲಿನವನು, ತಮಾಷೆಗಾರ, ಒಮ್ಮೆ ಬಸ್ಸಿನಲ್ಲಿ ಕತ್ತಲಲ್ಲಿ ಕೋಲಾ ಎಂದುಕೊಂಡು ವರ್ಲಿನ್ನನ ಉಗುಳುಲೋಟವನ್ನೇ ಗಟಗಟ ಕುಡಿದುಬಿಟ್ಟ, ಲೇ ಅಳಿಲೇ, ನಿನ್ ಎಂಜಲು ಕುಡಿದೆ, ಇನ್ನು ನಮ್ಮಿಬ್ಬರಿಗೂ ಮದುವೆ ಆದ ಹಾಗೇ ಕಣೋ, ಎಂದ, ಆಮೇಲೆ ಸತ್ತ, ನಾಲಿಗೆಯ ಹುಣ್ಣಿನಿಂದ ಶುರುವಾಗಿ, ಅವನಿಗೆ ಯಾರೂ ಮೂರ್ತಿ ನಿಲ್ಲಿಸಲಿಲ್ಲ. ಆಟಗಾರರೆಲ್ಲ ಸೇರಿ ಒಮ್ಮೆ ಮಾತಾಡಬೇಕೆಂದು ಹೊರಟಿದ್ದರು, ಇದೇ ಪೈಕನ ಅಪ್ಪನ ಹತ್ತಿರ, ಗಾಯವಾದವನನ್ನು ಬೀದಿಗೆ ಬಿಡಬೇಡಿ, ವೈದ್ಯರ ಖರ್ಚು ಕೊಡಿ ಎಂದು, ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಉಂಡೆ, ಎಲ್ಲರ ಕೈಯಲ್ಲೂ ಲೋಟ, ಮಾತು ಶುರು ಮಾಡಬೇಕಾದವನು ಉಗುಳಲು ಬಗ್ಗಿದ, ಪಕ್ಕದವನೂ ಬಗ್ಗಿದ, ಮುದಿ ಪೈಕ್ ಕಾದ, ನಕ್ಕ, ಮೊದಲು ಅಗಿದು ಮುಗಿಸ್ರಪ್ಪಾ, ಮಾತು ಎಲ್ಲಿಗೆ ಓಡಿಹೋಗ್ತದೆ, ಎಂದು ಎದ್ದು ಹೋದ. ಬಾಯಿಗೆ ಕಡುಬು ತುರುಕುವುದೆಂದರೆ ಇದೇ ತಾನೆ, ಬಾಯಿ ತುಂಬಿದವನು ಬಾಯಿ ಬಿಡಲಾರ, ಅದಕ್ಕೇ ಬಿಟ್ಟಿ, ಅದಕ್ಕೇ ಗೋಪುರ, ಅದು ತಿಳಿಯುವಷ್ಟರಲ್ಲಿ ವರ್ಲಿನ್ನನ ಮಂಡಿ ಹೋಯಿತು, ಒಂದು ಮಧ್ಯಾಹ್ನ ಅಭ್ಯಾಸಕ್ಕೆಂದು ಬಂದರೆ ಅವನ ಸಾಮಾನನ್ನೆಲ್ಲ ಕಸದ ಚೀಲಕ್ಕೆ ತುಂಬಿ ಬಾಗಿಲಲ್ಲಿ ಇಟ್ಟಿದ್ದರು, ಬೂಟು, ಗಡ್ಡದ ಕತ್ತಿ, ಮದುವೆಯ ಫೋಟೋ, ಡಬ್ಬಿಗಳನ್ನು ಮಾತ್ರ ಜೋಪಾನವಾಗಿ ಮೇಲೆ ಇಟ್ಟಿದ್ದರು, ನೆಗ್ಗದಂತೆ. ಆಮೇಲೆ ಹಲ್ಲಿನ ಡಾಕ್ಟರಮ್ಮ ಕೆನ್ನೆಯೊಳಗೆ ಕನ್ನಡಿ ಹಿಡಿದದ್ದು, ಆ ಬಿಳಿ ಮಚ್ಚೆ, ಆಮೇಲೆ ಕತ್ತರಿ, ದವಡೆ ಹೋಯಿತು, ಅರ್ಧ ನಾಲಿಗೆ ಹೋಯಿತು, ಬಾಯೊಳಗೆ ಹಚ್ಚಲು ಚರ್ಮ ಬೇಕಲ್ಲ, ಎಡ ಮೊಣಕೈ ಕೆಳಗಿಂದ ತೆಗೆದರು, ಗ್ಲೌಸ್ ಹಾಕುತ್ತಿದ್ದ ಕೈ, ಗೋಡೆಗೆ ಅಪ್ಪಳಿಸಿಯೂ ಚೆಂಡು ಬಿಡದ ಕೈ, ಆ ಕೈಯ ಚರ್ಮ ಈಗ ಬಾಯೊಳಗಿದೆ, ಅದಕ್ಕೆ ತಾನು ಬಾಯಿಗೆ ಬಂದಿದ್ದೇನೆಂದು ತಿಳಿಯದು, ಅದು ತನ್ನ ಪಾಡಿಗೆ ಕೂದಲು ಬೆಳೆಸುತ್ತದೆ, ಬಾಯೊಳಗೆ ಕೂದಲು, ತೋಳಿನ ಕೂದಲು, ಅಂಬಲಿ ಹೊಟ್ಟೆಗೆ ಹಾಕಿದ ನಳಿಗೆಯಲ್ಲಿ ಇಳಿಯುತ್ತದೆ, ಬಾಯಿಗೆ ಉಳಿದ ಕೆಲಸ ಕೂದಲು ಬೆಳೆಸುವುದೊಂದೇ, ನೋರೀನ್ ಭಾನುವಾರ ಚಿಮಟ ಹಿಡಿದು ಬರುತ್ತಾಳೆ, ಆ ಅನ್ನು, ಅನ್ನೋಕಾಗಲ್ಲ ಅಂತ ಗೊತ್ತು, ತೆರಿ ಅಷ್ಟೇ, ಅವಳು ಮುಖ ಸಿಂಡರಿಸುವುದಿಲ್ಲ, ಅದೇ ಅವನಿಗೆ ತಡೆಯಲಾಗದ್ದು.

ಪಕ್ಕದ ಕುರ್ಚಿಯಲ್ಲಿ ನೋರೀನ್ ಅವನ ಮಂಡಿಯ ಮೇಲೆ ಕೈಯಿಟ್ಟಿದ್ದಾಳೆ, ಅವಳೂ ಬಟ್ಟೆಯನ್ನೇ ನೋಡುತ್ತಿದ್ದಾಳೆ, ಅವಳಿಗೂ ಕಂಡಿದೆ, ಕೈ ಬಿಗಿಯಾಗಿದೆ, ಎದ್ದು ಹೋಗೋಣ್ವಾ ವರ್ಲಿನ್, ಈಗಲೇ, ಎಂದು ಕಿವಿಯಲ್ಲಿ ಕೇಳಿದಳು, ಎದ್ದು ಹೋಗಬಹುದು, ಹೋದರೆ ಪೈಕ್ ಮೈಕಿನಲ್ಲಿ ನಮ್ ಅಳಿಲಿಗೆ ಆಯಾಸ ಅನ್ನುತ್ತಾನೆ, ತಾನೇ ಹಗ್ಗ ಎಳೆಯುತ್ತಾನೆ, ಆ ಕೆನ್ನೆ ಇಲ್ಲೇ ನಿಂತಿರುತ್ತದೆ, ತಾನು ಸತ್ತ ಮೇಲೂ, ಕಂಚು ಕೊಳೆಯುವುದಿಲ್ಲ, ಕಂಚಿಗೆ ಹುಣ್ಣಾಗುವುದಿಲ್ಲ. ಮೈಕಿನಲ್ಲಿ ಪೈಕ್ ಈಗಾಗಲೇ ಶುರು ಮಾಡಿದ್ದಾನೆ, ಈ ಮನುಷ್ಯ ಮಾತಿನವನಲ್ಲ ಬಂಧುಗಳೇ, ಯಾವತ್ತೂ ಆಗಿರಲಿಲ್ಲ, ಇವನದೇನಿದ್ರೂ ಆಟ, ಗ್ಯಾಲರಿ ನಗುತ್ತದೆ, ಅಲ್ಲಿ ಮಕ್ಕಳ ಕೈಯಲ್ಲೆಲ್ಲ ಗುಲಾಬಿ ಬಣ್ಣದ ಪೊಟ್ಟಣ, ಸೊಪ್ಪಿನ ಹಾಗೇ ಎಳೆ ಎಳೆಯಾಗಿ ಕತ್ತರಿಸಿದ ಸಿಹಿ ಗಮ್ಮು, ಇವತ್ತು ಬಾಗಿಲಲ್ಲಿ ತಲೆಗೊಂದು ಹಂಚಿದ್ದಾರೆ, ಬಿಟ್ಟಿ, ಒಬ್ಬ ಹುಡುಗಿ ಎಡಗೆನ್ನೆಗೆ ತುರುಕಿಕೊಂಡು ಹುಲ್ಲಿನ ಮೇಲೆ ಉಗುಳಿದಳು, ಅವಳಪ್ಪ ಭುಜ ತಟ್ಟಿದ, ಹಾಗಲ್ಲ ಚಿನ್ನಾ, ಹಲ್ಲಿನ ಸಂದಿಯಿಂದ ಉಗಿ, ಚಿಮ್ಮಬೇಕು, ಹಾಂ, ಹಾಗೆ. ಹಗ್ಗ ಕೈಗೆ ಬಂತು, ಯಾರು ಕೊಟ್ಟರೋ, ವರ್ಲಿನ್ ಎದ್ದಿದ್ದ, ಎದ್ದದ್ದು ಯಾವಾಗ, ಹಿಂದೆ ಪೈಕ್ ಮೈಕಿಗೆ ಕೈ ಅಡ್ಡ ಹಿಡಿದು, ಎಳಿ ಮಾರಾಯ, ಆಮೇಲೆ ಅತ್ತ ತಿರುಗಿ ಕೆನ್ನೆ ತಟ್ಟು, ನಿನಗೆ ಗೊತ್ತಲ್ಲ, ಮಫ್ಲರ್ ಮೇಲೆಯೇ ತಟ್ಟು, ಎಂದ, ವರ್ಲಿನ್ ಎಳೆದ, ಬಟ್ಟೆ ಜಾರಿತು, ಬಿಸಿಲು ಕಂಚಿಗೆ ಬಡಿಯಿತು, ಅದು ಇತ್ತು, ಸುಕ್ಕಲ್ಲ, ಮೊಟ್ಟೆಯೂ ಅಲ್ಲ, ಮುಷ್ಟಿಯಷ್ಟು ದೊಡ್ಡದು, ಅವನ ಆಯುಷ್ಯದಲ್ಲೇ ಅಷ್ಟು ದೊಡ್ಡದನ್ನು ಅವನು ಇಟ್ಟುಕೊಂಡಿರಲಿಲ್ಲ, ಬೇರೆಲ್ಲ ಕಡೆ ಕಂಚು ಮಾಸಲು, ಅಲ್ಲಿ ಮಾತ್ರ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದಾರೆ, ಜನ ಮುಟ್ಟಲಿ ಎಂದು. ಗ್ಯಾಲರಿ ಎದ್ದು ನಿಂತಿತು, ಒಬ್ಬೊಬ್ಬರಾಗಿ, ಸಾಲು ಸಾಲಾಗಿ ಎಡಗೆನ್ನೆ ಊದಿಸಿತು, ಅಜ್ಜಿಯರು, ಅಪ್ಪಂದಿರು, ಆ ಹುಡುಗಿ, ಎಲ್ಲರೂ ಉಸಿರು ಕಟ್ಟಿದರು, ಅವನ ಎರಡು ಬೆರಳಿಗೆ ಕಾದರು. ವರ್ಲಿನ್ ಬೆರಳೆತ್ತಿದ, ಮಫ್ಲರಿನ ಗಂಟಿಗೆ ಇಟ್ಟ, ಬಿಚ್ಚಿದ, ಒದ್ದೆ ಬಟ್ಟೆ ಚರ್ಮದಿಂದ ಬಿಡುವಾಗ ಚುರ್ರೆಂದಿತು, ಏ ಬೇಡ ಕಣೋ, ಬೇಡ, ಪೈಕನ ದನಿ ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿತು, ವರ್ಲಿನ್ ಕಂಚಿನ ಕೆನ್ನೆಯ ಪಕ್ಕಕ್ಕೆ ತನ್ನ ಕುಳಿಯನ್ನು ತಂದು ನಿಲ್ಲಿಸಿದ, ಜೊಲ್ಲು ಬಿಸಿಲಲ್ಲಿ ದಾರವಾಗಿ ಇಳಿಯಿತು, ತಡೆಯಲಿಲ್ಲ, ಎರಡು ಬೆರಳನ್ನು ಕುಳಿಯ ಹತ್ತಿರ ಒಯ್ದ, ತಟ್ಟಲು ಅಲ್ಲಿ ಏನೂ ಇಲ್ಲ, ಬೆರಳು ಗಾಳಿಯಲ್ಲಿ ನಿಂತಿತು, ತಟ್ಟದೆ ಅವರು ಬಿಡುವ ಹಾಗಿಲ್ಲ, ಅದು ಅವರೇ ಮಾಡಿಕೊಂಡ ಕಟ್ಟಳೆ, ನೋಡಲಿ, ಕೆಂಪಾಗಲಿ, ಬಿಡಲಾಗದೆ ನುಂಗಲಾಗದೆ ನಿಂತಿರಲಿ, ಕೆನ್ನೆಗಳು, ಇಡೀ ಊರಿನ ಎಡಗೆನ್ನೆಗಳು, ಊದಿದವು, ಬಿಗಿದವು, ಆ ಹುಡುಗಿಯ ಕೆನ್ನೆ, ಅದರೊಳಗೆ ಗುಲಾಬಿ ಉಂಡೆ, ಅದು ಇನ್ನೂ ಉಬ್ಬೇ ಇದೆ, ಉಬ್ಬೇ ಇದೆ, ಆ ಕೆನ್ನೆ —