ಕೆಳತುದಿ

ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ, ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವಿನ ಮೆಟ್ಟಿಲಲ್ಲಿ, ಗಾಜಿನ ಕೆಳತುದಿ ಹಿಡಿದಿದ್ದವನು ಬಿದ್ದ. ಮೆಟ್ಟಿಲು ಒದ್ದೆಯಾಗಿರಲಿಲ್ಲ. ದೀಪ ಉರಿಯುತ್ತಿತ್ತು. ಯಾರೂ ಅಡ್ಡ ಬಂದಿರಲಿಲ್ಲ. ಬಲಗಾಲು ಮೇಲಿನ ಮೆಟ್ಟಿಲಿಗೆ ಹೋಯಿತು, ಎಡಗಾಲು ಅದರ ಹಿಂದೆ ಹೋಗಲಿಲ್ಲ. ಆದದ್ದು ಇಷ್ಟೇ.

ಅವನಿಗೆ ಐವತ್ತೆರಡು ವರ್ಷ. ಅರ್ಧ ಆಯುಷ್ಯವನ್ನು ಗಾಜಿನ ಅಂಗಡಿಯಲ್ಲೇ ಕಳೆದವನು. ಲಿಫ್ಟಿನಲ್ಲಿ ಹಿಡಿಸದ ದೊಡ್ಡ ಗಾಜುಗಳನ್ನು ಮೆಟ್ಟಿಲ ಮೇಲೆ ಇಬ್ಬರು ಹೊತ್ತು ಏರಿಸಬೇಕು. ಮುಂದಿನವನದು ಮೇಲ್ತುದಿ, ಹಿಂದಿನವನದು ಕೆಳತುದಿ. ಭಾರವೆಲ್ಲ ಕೆಳತುದಿಗೆ ಬೀಳುತ್ತದೆ. ಅಲ್ಲಿ ಯಾವಾಗಲೂ ಅವನೇ ಇರುತ್ತಿದ್ದುದರಿಂದ ಅಂಗಡಿಯವರು ಅವನಿಗೆ ಕಂಬ ಎಂದು ಹೆಸರಿಟ್ಟಿದ್ದರು. ಮೇಲ್ತುದಿಯಲ್ಲಿ ಇರುತ್ತಿದ್ದವನು ಅವನ ಹೆಂಡತಿಯ ತಮ್ಮ.

ಈ ಕೆಲಸದಲ್ಲಿ ಒಂದು ಮಾತಿದೆ. ಮೇಲ್ತುದಿಯವನು ಹಿಂದೆ ತಿರುಗಿ ನೋಡುವಂತಿಲ್ಲ, ನೋಡಿದರೆ ಗಾಜು ವಾಲುತ್ತದೆ. ಆದ್ದರಿಂದ ಅವನಿಗೆ ಕಿವಿಯೇ ಕಣ್ಣು. ಇಬ್ಬರಲ್ಲಿ ಯಾರಿಗಾದರೂ ಕಾಲು ತಪ್ಪಿತು, ಕೈ ಜಾರಿತು ಅನ್ನಿಸಿದರೆ ಆತ “ಬಿಟ್ಟೆ” ಎಂದು ಕೂಗಬೇಕು. ಕೂಗಿದ ಕೂಡಲೇ ಇಬ್ಬರೂ ಗಾಜು ಬಿಟ್ಟು ಗೋಡೆಗೆ ಅಂಟಿಕೊಳ್ಳಬೇಕು. ಯಾಕೆ ಎಂದು ಕೇಳುವಂತಿಲ್ಲ, ಗಾಜಿನ ಬೆಲೆ ನೆನೆಸಿಕೊಳ್ಳುವಂತಿಲ್ಲ. ಕೂಗದೆ ಬಿದ್ದವನ ಜೊತೆ ಮತ್ತೆ ಯಾರೂ ಗಾಜು ಎತ್ತುವುದಿಲ್ಲ.

ಅವನು ಕೂಗಲಿಲ್ಲ. ತಾನು ಬೀಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಕಾಲು ಈಗ ಬರುತ್ತದೆ ಎಂದು ಕಾದ. ಕಾಯುತ್ತಲೇ ಬಿದ್ದ. ಬಿಗಿಹಿಡಿದ ಗಾಜು ಅವನೊಂದಿಗೆ ಕೆಳಕ್ಕೆ ಜಗ್ಗಿತು, ಮೇಲಿದ್ದ ಭಾವಮೈದುನನನ್ನೂ ಎಳೆಯಿತು, ಮೆಟ್ಟಿಲ ಪಕ್ಕದ ಕಬ್ಬಿಣದ ಕಟಕಟೆಗೆ ಬಡಿದು ಒಡೆಯಿತು. ಭಾವಮೈದುನನ ಎಡಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು.

ಸದ್ದು ಕೇಳಿ ಎರಡನೇ ಮಹಡಿಯ ಕಚೇರಿಯಿಂದ ಒಬ್ಬಳು ಓಡಿಬಂದಳು. “ಅಯ್ಯೋ, ಅಜ್ಜ ಬಿದ್ದುಬಿಟ್ರು! ಯಾರಾದ್ರೂ ನೀರು ತನ್ನಿ!” ಎಂದು ಒಳಗಿನವರನ್ನು ಕೂಗಿದಳು.

ಬಿದ್ದಲ್ಲಿಂದಲೇ ಅವನು ಕತ್ತು ಹೊರಳಿಸಿ, ಬಿದ್ದ ಅಜ್ಜ ಯಾರು ಎಂದು ಸುತ್ತ ನೋಡಿದ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಎಡ ಮಂಡಿಯ ಒಳಗೆ ಏನೋ ಹಿಗ್ಗಿದೆ, ಸೊಂಟದ ಪಕ್ಕ ರಕ್ತ ಹೆಪ್ಪುಗಟ್ಟಿದೆ, ವಾಸಿಯಾಗುತ್ತದೆ ಎಂದರು. ಡಾಕ್ಟರಿಗೆ ಮೂವತ್ತು ದಾಟಿರಲಿಲ್ಲ. ಆತ ಮಾತಾಡಿದ್ದೆಲ್ಲ ಬಿದ್ದವನ ಹೆಂಡತಿಯ ಜೊತೆ.

“ಮನೇಲಿ ಮೆಟ್ಟಿಲಿದೆಯಾಮ್ಮ? ಹತ್ತಿ ಇಳಿಯೋವಾಗ ಇವರ ಜೊತೆ ಯಾರಾದ್ರೂ ಇರಿ. ಬಚ್ಚಲಲ್ಲಿ ಒಂದು ಸ್ಟೂಲ್ ಹಾಕಿ. ಮುಂಚೆ ಯಾವತ್ತಾದ್ರೂ ಹೀಗೆ ಬಿದ್ದಿದ್ರಾ?”

“ನನ್ನನ್ನೇ ಕೇಳಿ ಡಾಕ್ಟ್ರೇ, ನಂಗೆ ಕಿವಿ ಕೇಳ್ಸುತ್ತೆ,” ಎಂದ ಅವನು.

“ಗೊತ್ತು ಸಾರ್,” ಎಂದು ಡಾಕ್ಟರು ನಕ್ಕು, ಮತ್ತೆ ಹೆಂಡತಿಯ ಕಡೆಗೆ ತಿರುಗಿದರು. “ಈ ವಯಸ್ಸಲ್ಲಿ ಬಿದ್ರೆ ಹಿಂಗೇ ಅಮ್ಮ. ಮೈಗಿಂತ ಮನಸ್ಸು ಜಾಸ್ತಿ ಹೆದರಿರುತ್ತೆ.”

ಪರದೆಯ ಆಚೆ ಭಾವಮೈದುನನ ಕೈಗೆ ಹೊಲಿಗೆ ಹಾಕುತ್ತಿದ್ದರು. ಅವನು ಹಲ್ಲು ಕಚ್ಚಿ ಉಸಿರೆಳೆಯುವುದು ಈಚೆಗೆ ಕೇಳುತ್ತಿತ್ತು. ಅವಳು ಒಬ್ಬ ಗಾಜಿನವನ ಹೆಂಡತಿ, ಇನ್ನೊಬ್ಬ ಗಾಜಿನವನ ಅಕ್ಕ. ಈ ಕೆಲಸದ ಕಟ್ಟಳೆಯೆಲ್ಲ ಅವಳಿಗೆ ಗೊತ್ತು. ಬಗ್ಗಿ, ದನಿ ತಗ್ಗಿಸಿ ಕೇಳಿದಳು.

“ಕೂಗಲಿಲ್ವಾ ರೀ?”

“ಕೂಗ್ದೆ,” ಎಂದ ಅವನು.

ಹಾಗೆ ಹೇಳಬೇಕೆಂದು ಅವನು ಯೋಚಿಸಿರಲಿಲ್ಲ. ಬಿದ್ದದ್ದು ಹೇಗೆ ತನ್ನ ಅನುಮತಿ ಕೇಳಿರಲಿಲ್ಲವೋ ಇದೂ ಹಾಗೆಯೇ ಆಯಿತು. ಸಂಜೆ ಅಂಗಡಿಯ ಯಜಮಾನರು ಫೋನ್ ಮಾಡಿ ವಿಚಾರಿಸಿದಾಗ ಹೆಂಡತಿ ಗಂಡನ ಪರವಾಗಿ ಮಾತಾಡಿದಳು. “ಇವರು ಕೂಗಿದ್ರಂತೆ ಸಾರ್. ನಮ್ಮ ಪುಟ್ಟಂಗೇ ಕೇಳಿಸ್ಲಿಲ್ವೇನೋ.” ಪುಟ್ಟ ಎಂದರೆ ಅವಳ ತಮ್ಮ. ನಲವತ್ತು ವರ್ಷದ, ಬಾಗಿಲಷ್ಟು ಅಗಲದ ಆಳು.

ಮನೆಯಲ್ಲಿ ಮೊದಲ ದಿನಗಳನ್ನು ಅವನು ಗೋಡೆ ಹಿಡಿದು ಕಳೆದ. ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಬಚ್ಚಲಿಗೆ. ಹೆಂಡತಿ ತಂದಿಟ್ಟ ಪ್ಲಾಸ್ಟಿಕ್ ಸ್ಟೂಲನ್ನು ಮೊದಲ ದಿನ ಮೂಲೆಗೆ ತಳ್ಳಿ, ನಿಂತೇ ಸ್ನಾನ ಮಾಡಿದ. ಆಮೇಲೊಂದು ದಿನ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದಾಗ ನೆಲ ಎಲ್ಲಿದೆ ಎಂಬುದೇ ತಿಳಿಯದಂತಾಗಿ, ಕೈಯಾಡಿಸಿ ಸ್ಟೂಲು ಹುಡುಕಿ ಕುಳಿತ. ಕುಳಿತ ಮೇಲೆ ಬಹಳ ಹೊತ್ತು ಏಳಲಿಲ್ಲ. ಹೊರಗಿನಿಂದ ಹೆಂಡತಿ, “ರೀ, ಬಾಗಿಲಿಗೆ ಚಿಲಕ ಹಾಕ್ಬೇಡಿ ಅಂದಿದ್ದೆನಲ್ಲ,” ಎಂದಳು.

ಮಂಡಿ ನೋಯುತ್ತಿತ್ತು, ಆದರೆ ನೋವು ಅವನಿಗೆ ಹೊಸತಲ್ಲ. ಬೆರಳು ಕೊಯ್ದುಕೊಂಡಿದ್ದಾನೆ, ಪಾದದ ಮೇಲೆ ಕನ್ನಡಿ ಬೀಳಿಸಿಕೊಂಡಿದ್ದಾನೆ. ಆಗೆಲ್ಲ ಕಾರಣ ಇರುತ್ತಿತ್ತು. ಈಗ ಮಲಗಿದಲ್ಲೇ ಕಾರಣ ಹುಡುಕಿದ. ಮೆಟ್ಟಿಲ ಅಂಚು ಸವೆದಿತ್ತೇ? ಬೂಟಿನ ದಾರ ಬಿಚ್ಚಿತ್ತೇ? ಬೂಟು ತರಿಸಿ ನೋಡಿದ. ಗಂಟು ಬಿಗಿಯಾಗಿತ್ತು. ಆಸ್ಪತ್ರೆಯಲ್ಲಿ ಬಿಚ್ಚದೆ ಹಾಗೇ ಎಳೆದು ತೆಗೆದಿದ್ದರು.

ವಾರದ ಕೊನೆಗೆ ಅಂಗಡಿಯಲ್ಲಿ ಗಾಜು ಕೊಯ್ಯುವವನು ನೋಡಲು ಬಂದ. ಬಾಯಿ ನಿಲ್ಲದ ಮನುಷ್ಯ. ಕುರ್ಚಿ ಎಳೆದುಕೊಂಡು ಕುಳಿತವನೇ ಶುರು ಮಾಡಿದ.

“ಏನಪ್ಪಾ ಕಂಬ, ಮಲಗಿಬಿಟ್ಟೆ? ಕಂಬ ಮಲಗಿದ್ರೆ ಅದನ್ನ ತೊಲೆ ಅಂತಾರೆ ಕಣೋ!” ಎಂದು ತಾನೇ ನಕ್ಕ. “ನಿನ್ನ ಭಾವಮೈದುನನಿಗೂ ಹೊಸ ಹೆಸರು ಬಂದಿದೆ. ಕಿವುಡ. ಯಾರಾದ್ರೂ ಅವನನ್ನ ಕರೀಬೇಕಾದ್ರೆ ತಗಡು ಬಡೀತಾರೆ.”

“ಅವನು ಏನಂತಾನೆ?”

“ಏನೂ ಅನ್ನಲ್ಲ. ಅದೇ ನೋಡು. ಕೇಳಿಸ್ತು ಅನ್ನಲ್ಲ, ಕೇಳಿಸ್ಲಿಲ್ಲ ಅನ್ನಲ್ಲ. ಯಜಮಾನ್ರು ಅವನನ್ನ ಒಳಗೆ ಚೌಕಟ್ಟು ಉಜ್ಜೋಕೆ ಕೂರಿಸಿದಾರೆ. ಅವನ ಜೊತೆ ಎತ್ತೋಕೆ ಒಬ್ರೂ ತಯಾರಿಲ್ಲ. ಮುಂದಿನ ತಿಂಗಳು ನೋಡೋಣ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ ಅಂದ್ರಂತೆ. ಕಿವಿ ಕೇಳ್ಸದವನನ್ನ ಮೇಲ್ತುದಿಗೆ ಹ್ಯಾಗಪ್ಪಾ ನಿಲ್ಸೋದು? ನೀನೇ ಹೇಳು.”

ಅವನು ಕೈಯಲ್ಲಿದ್ದ ಚಹಾ ಕುಡಿಯಲಾಗದೆ ಕಿಟಕಿಯ ಕಟ್ಟೆಯ ಮೇಲಿಟ್ಟ.

“ನಿನ್ನ ಜಾಗ ಹಂಗೇ ಇದೆ, ಯೋಚನೆ ಮಾಡ್ಬೇಡ,” ಎಂದ ಗಾಜು ಕೊಯ್ಯುವವನು ಹೊರಡುತ್ತ. “ಕೂಗಿದವನದೇನು ತಪ್ಪು?”

ಭಾನುವಾರ ಮಧ್ಯಾಹ್ನ ಭಾವಮೈದುನ ಬಂದ. ಬಿದ್ದ ಮೇಲೆ ಅವನು ಬಂದದ್ದು ಅದೇ ಮೊದಲು. ಎಡಗೈ ತುಂಬ ಬ್ಯಾಂಡೇಜ್. ಅಕ್ಕ ಊಟಕ್ಕೆ ಬಲವಂತ ಮಾಡಿದಳು. ಆಗಿದೆ ಎಂದ.

“ಕಿವಿ ತೋರಿಸ್ಕೊಂಡ್ಯೇನೋ ಪುಟ್ಟ?” ಎಂದು ಕೇಳಿದಳು ಅವಳು. ಕೇಳಿದ್ದು ಅಕ್ಕರೆಯಿಂದಲೇ.

“ತೋರಿಸ್ದೆ ಅಕ್ಕ.”

“ಏನಂದ್ರು?”

“ಚೆನ್ನಾಗಿದೆಯಂತೆ.”

ಅವಳು ಒಂದು ಕ್ಷಣ ನಿಂತು ನೋಡಿ, ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿದ ಮೇಲೆ ಭಾವಮೈದುನ ಮಂಚದ ಬಳಿಗೆ ಕುರ್ಚಿ ಸರಿಸಿಕೊಂಡ.

“ಭಾವ, ನೀವು ಕೂಗ್ಲಿಲ್ಲ.”

“ಕೂಗ್ದೆ ಕಣೋ.”

“ಭಾವ.”

ಅವನು ಹೊದಿಕೆಯನ್ನು ಮಂಡಿಯ ಮೇಲೆ ಎಳೆದುಕೊಂಡ.

“ಬಾಯಿಗೆ ಬಂದಿತ್ತು,” ಎಂದ ಅವನು.

“ಬಾಯಿಗೆ ಬಂದಿದ್ದು ನಂಗೆ ಹ್ಯಾಗೆ ಕೇಳ್ಸುತ್ತೆ ಭಾವ?” ಭಾವಮೈದುನನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. “ಬಿದ್ದಿದ್ದಕ್ಕೆ ನಾನೇನೂ ಅಂದಿಲ್ಲ. ಕೈ ಕುಯ್ದಿದ್ದಕ್ಕೂ ಅಂದಿಲ್ಲ. ನನ್ನ ಹೆಂಡ್ತಿ ಮನೇಲಿ ಈಗ ಜೋರಾಗಿ ಮಾತಾಡ್ತಾಳೆ, ಗೊತ್ತಾ? ಅವಳೂ ನಂಬಿದಾಳೆ. ಯಜಮಾನ್ರಿಗೆ ಒಂದು ಮಾತು ನಿಜ ಹೇಳಿಬಿಡಿ.”

“ಹೇಳಿದ್ರೆ ಆಮೇಲೆ ನನ್ನ ಜೊತೆ ಯಾರು ಎತ್ತುತ್ತಾರೆ?”

“ನಾನು ಎತ್ತುತ್ತೀನಿ.”

ಅವನು ಮುಖ ತಿರುಗಿಸಿದ. ಇವನೊಬ್ಬ ಎತ್ತುತ್ತಾನೆ, ಸರಿ. ಆದರೆ ಕನಿಕರಪಟ್ಟು ಎತ್ತುತ್ತಾನೆ, ಪ್ರತಿ ಮೆಟ್ಟಿಲಿಗೂ ಹಿಂದಿನ ಸದ್ದಿಗೆ ಕಿವಿಗೊಟ್ಟು ಎತ್ತುತ್ತಾನೆ. ಅಂಗಡಿಯ ಮಿಕ್ಕವರು ನೋಡುತ್ತ ನಿಲ್ಲುತ್ತಾರೆ. ಅವನು ದಿಂಬಿನ ಮೇಲೆ ಕೈಯೂರಿ ಎದ್ದು ಕುಳಿತ.

“ಅದು ಬೇಡ. ನನ್ನ ಮಾತು ಕೇಳು. ನಾಳೆ ನಾನು ಕೆಲಸಕ್ಕೆ ಬರ್ತೀನಿ. ಎಲ್ಲರ ಎದುರಿಗೆ ನಿನ್ನ ಜೊತೆ ಎತ್ತುತ್ತೀನಿ. ಕಂಬನೇ ಎತ್ತಿದ ಮೇಲೆ ಯಾರು ನಿನ್ನ ಕಿವಿ ಬಗ್ಗೆ ಬಾಯಿ ಬಿಡ್ತಾರೆ? ಎರಡು ದಿನದಲ್ಲಿ ಎಲ್ಲ ಮರೀತಾರೆ.”

“ಮಂಡಿ ಊತ ಇನ್ನೂ ಇಳಿದಿಲ್ಲ ಭಾವ.”

“ಇಳಿದಿದೆ. ಬೇಕಾದ್ರೆ ಈಗ್ಲೇ ನೋಡು. ಕೆಳಗೆ ಮೆಟ್ಟಿಲ ಹತ್ರ ಹಳೇ ಮಂಚದ ಪ್ಲೈವುಡ್ ಇದೆ. ಗಾಜಿನಷ್ಟೇ ಉದ್ದ. ಅದನ್ನ ಇಲ್ಲಿವರೆಗೆ ಏರಿಸೋಣ ಬಾ.”

“ನನ್ನ ಕೈಯಲ್ಲಿ ಹೊಲಿಗೆ ಇದೆ.”

“ಮೇಲ್ತುದಿಗೆ ಒಂದು ಕೈ ಸಾಕು. ಭಾರ ನಂದು. ಬಾರೋ.” ಕೊನೆಯ ಮಾತು ಆಜ್ಞೆಯಂತೆ ಶುರುವಾಗಿ ಬೇಡಿಕೆಯಂತೆ ಮುಗಿಯಿತು. ಅದಕ್ಕೇ ಇರಬೇಕು, ಭಾವಮೈದುನ ಎದ್ದ.

ಅವರ ಮನೆ ಮೊದಲ ಮಹಡಿಯಲ್ಲಿತ್ತು. ಅವನು ಕಟಕಟೆ ಹಿಡಿದು, ಎರಡೂ ಪಾದಗಳನ್ನು ಒಂದೇ ಮೆಟ್ಟಿಲ ಮೇಲೆ ಸೇರಿಸಿಕೊಳ್ಳುತ್ತ ಇಳಿದ. ಭಾವಮೈದುನ ನೋಡದವನಂತೆ ಮುಂದೆ ಹೋಗಿ, ಧೂಳು ಹಿಡಿದ ಪ್ಲೈವುಡ್ ಹಲಗೆಯನ್ನು ಎಳೆದು, ಅಂಚು ಒರೆಸಿ ನಿಲ್ಲಿಸಿದ. ಒಂದೇ ಉಸಿರಿಗೆ ಎತ್ತಿದರು. ಹಲಗೆ ಗಾಜಿಗಿಂತ ಹಗುರ. ಕೆಳಗಿನ ಅಂಚು ಅಂಗೈಯಲ್ಲಿ ಕುಳಿತಾಗ ಅವನ ಹೆಗಲು ತಾನಾಗಿಯೇ ತನ್ನ ಜಾಗಕ್ಕೆ ಬಂತು. ಹಿತವಾಯಿತು.

“ಹೊರಡು,” ಎಂದ.

ಮೊದಲ ಮೆಟ್ಟಿಲುಗಳು ಚೆನ್ನಾಗಿಯೇ ಆದವು. ಮಂಡಿ ನೋಯಲಿಲ್ಲ. ಭಾವಮೈದುನನ ಬೆನ್ನು ಎದುರಿಗೆ ಸಮನಾಗಿ ಏರುತ್ತಿತ್ತು. “ನೋಡಿದ್ಯಾ?” ಎಂದ ಅವನು. “ನೋಡ್ತಿಲ್ಲ ಭಾವ, ನೋಡೋ ಹಾಗಿಲ್ವಲ್ಲ,” ಎಂದು ಭಾವಮೈದುನ ನಕ್ಕ. ಇಬ್ಬರೂ ನಕ್ಕರು.

ಅರ್ಧ ದಾರಿಯಲ್ಲಿ ಬಲಗಾಲು ಮೇಲಿನ ಮೆಟ್ಟಿಲಿಗೆ ಹೋಯಿತು. ಎಡಗಾಲು ಅದರ ಹಿಂದೆ ಹೋಗಬೇಕಿತ್ತು. ಹೋಯಿತು. ಎಡವಲಿಲ್ಲ, ಜಾರಲಿಲ್ಲ, ತಡವೂ ಮಾಡಲಿಲ್ಲ. ಆದರೆ ಅದು ಮೆಟ್ಟಿಲು ಮುಟ್ಟುವ ಮೊದಲಿನ ಆ ಒಂದು ಕ್ಷಣದಲ್ಲಿ ಅವನ ಕಿವಿಯಲ್ಲಿ ಮತ್ತೆ ಗಾಜು ಒಡೆಯಿತು.

“ಬಿಟ್ಟೆ!” ಎಂದು ಅವನು ಕೂಗಿದ.

ಭಾವಮೈದುನ ಯಾಕೆಂದು ಕೇಳಲಿಲ್ಲ. ಆ ಕ್ಷಣವೇ ಕೈಬಿಟ್ಟು ಗೋಡೆಗೆ ಅಂಟಿಕೊಂಡ. ಹಲಗೆ ಮೆಟ್ಟಿಲಿಂದ ಮೆಟ್ಟಿಲಿಗೆ ದಡದಡ ಬಡಿಯುತ್ತ ಜಾರಿ, ಕೆಳಗಿನ ಬಾಗಿಲಿಗೆ ಗುದ್ದಿ ಬಿತ್ತು.

ಸದ್ದು ನಿಂತ ಮೇಲೆ ಭಾವಮೈದುನ ತಿರುಗಿ ನೋಡಿದ. ಅವನು ಬಿದ್ದಿರಲಿಲ್ಲ. ಎರಡೂ ಕಾಲುಗಳ ಮೇಲೆ ಸರಿಯಾಗಿ ನಿಂತಿದ್ದ. ಎರಡೂ ಕೈಗಳಿಂದ ಕಟಕಟೆಯನ್ನು ತಬ್ಬಿಕೊಂಡಿದ್ದ.

ಮೇಲೆ ಬಾಗಿಲು ತೆರೆದು ಹೆಂಡತಿ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಯಾರು ಕೂಗಿದ್ದು?”

“ಭಾವ,” ಎಂದ ತಮ್ಮ.

“ನಲ್ಲಿ ಬಿಟ್ಕೊಂಡು ಪಾತ್ರೆ ತೊಳೀತಿದ್ದೆ. ಅಲ್ಲಿಗೇ ಕೇಳಿಸ್ತು.”

“ನಂಗೂ ಕೇಳಿಸ್ತು ಅಕ್ಕ.”

ಅವಳು ತಮ್ಮನ ಮುಖ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು. ತುಂಬ ನಿಧಾನವಾಗಿ, ಒಂದೊಂದೇ ಬೆರಳನ್ನು ಒರೆಸಿಕೊಂಡಳು.

“ಬನ್ನಿ ಭಾವ, ಕೈ ಕೊಡಿ. ಮೇಲೆ ಹೋಗೋಣ,” ಎಂದ ಭಾವಮೈದುನ.

ಅವನು ಕಟಕಟೆಯನ್ನು ಬಿಡಲಿಲ್ಲ. ಬಿಡಲು ಬೆರಳು ಒಪ್ಪಲಿಲ್ಲ. ಮೇಲಕ್ಕೂ ಕೆಳಕ್ಕೂ ಅಷ್ಟೇ ಮೆಟ್ಟಿಲುಗಳಿದ್ದವು. ಎರಡೂ ಕಡೆ ನೋಡಿದ. ಹೆಂಡತಿ ನಿಂತಿದ್ದ ಕಡೆಗೆ ಹೋಗಲಾರೆ ಅನ್ನಿಸಿತು.

ಅವಳು ಒಳಗೆ ಹೋಗಿ ಫೋನ್ ತಂದಳು. ಅವನ ಪಕ್ಕದಲ್ಲೇ, ಅವನನ್ನು ಮುಟ್ಟದೆ, ಇಳಿದು ಹೋಗಿ ಅದನ್ನು ಕೊನೆಯ ಮೆಟ್ಟಿಲ ಮೇಲೆ ಇಟ್ಟಳು. ಬಾಗಿಲಿಗೆ ಅಡ್ಡ ಬಿದ್ದಿದ್ದ ಹಲಗೆಯನ್ನು ಒಬ್ಬಳೇ ಎತ್ತಿ ಗೋಡೆಗೆ ಒರಗಿಸಿದಳು.

“ಯಜಮಾನ್ರು ಮನೇಲೇ ಇರ್ತಾರೆ. ಇವತ್ತು ಭಾನುವಾರ. ಈ ಸಲ ನೀವೇ ಮಾತಾಡಿ,” ಎಂದಳು.

ಅವನು ಒಂದು ಕೈಯನ್ನು ಕಟಕಟೆಯಿಂದ ಬಿಡಿಸಿ, ಕೆಳಗಡೆಗೆ ತಿರುಗಿ, ಹಿಂದಿನ ಮೆಟ್ಟಿಲ ಮೇಲೆ ಊರಿದ. ಮೆಲ್ಲನೆ ಕುಳಿತ. ಆಮೇಲೆ, ಕುಳಿತುಕೊಂಡೇ, ಒಂದು ಮೆಟ್ಟಿಲು ಕೆಳಗೆ ಜರುಗಿದ. ಇನ್ನೊಂದು ಮೆಟ್ಟಿಲು ಜರುಗಿದ.