ನೆಲದಡಿಯ ಗರಗರ

ಕೊರಳ ಲಿಂಗವಿಡುವ ಕರಡಿಗೆಯ ಮುಚ್ಚಳ ತೆಗೆದ ವಿಮಲಮ್ಮ ಅದನ್ನು ಅಷ್ಟೇ ಬೇಗ ಮುಚ್ಚಿದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನನ್ನು ಅವಳು ನೋಡಿದ ನೋಟಕ್ಕೆ ಅವನ ಹಣೆಯ ವಿಭೂತಿ ಉದುರದೆ ಉಳಿದದ್ದೇ ಪವಾಡ.

"ಆಯ್ತೇನಮ್ಮ? ಎಡಗೈಗೆ ಲಿಂಗ ಕೊಟ್ರೆ ಎತ್ತೋದೇ," ಎಂದರು ಅಂಗಳದಿಂದ ಮಠದ ಅಯ್ನೋರು.

"ಒಸಿ ತಡೀರಿ ಅಯ್ನೋರೆ. ಶಂಭಣ್ಣ, ಬಾ ಇಲ್ಲಿ."

ಸತ್ತ ಮರುಳಸಿದ್ದಯ್ಯನ ಮೂವತ್ತು ವರ್ಷದ ಪಾಲುದಾರ ಶಂಭುಲಿಂಗಯ್ಯ ಒಳಬಂದ. ತೆಂಗಿನ ಮರದ ಬಾಗಿಲು ಮಾಡುವ ಇವರ ಶೆಡ್ಡು ಮನೆಗೆ ಅಂಟಿಕೊಂಡೇ ಇತ್ತು. ಮರುಳಸಿದ್ದಯ್ಯನ ಕಿವಿಯೆಂದರೆ ಸಾಮಾನ್ಯವೇ? ಅರಳಗುಪ್ಪೆಯಲ್ಲಿ ಕೂತು ದಬ್ಬೇಘಟ್ಟದ ಬಸ್ಸಿನ ಗೇರುಬಾಕ್ಸಿಗೆ ಆಯಸ್ಸು ಹೇಳುತ್ತಿತ್ತು. ಮೂರು ತಾಲ್ಲೂಕಿನ ಮೋಟಾರುಗಳು ಅವನ ಹೆಜ್ಜೆ ಕೇಳಿದರೆ ತಾವಾಗಿಯೇ ರಿಪೇರಿಯಾಗುತ್ತಿದ್ದವು. ಸ್ವಂತ ಶೆಡ್ಡಿನಲ್ಲಿ, ನೆಲದಡಿಯ ಪೈಪಿನಿಂದ ಮರದ ಹೊಟ್ಟು, ಧೂಳು ಎಳೆಯುವ ಮಿಷನ್ನೊಂದು ಮಾತ್ರ ಬಗ್ಗಲಿಲ್ಲ.

ವಿಮಲಮ್ಮ ಕರಡಿಗೆ ತೆರೆದು ತೋರಿಸಿದಳು. ಲಿಂಗವಿರಬೇಕಾದ ಕಡೆ ಗೋಲಿಯಷ್ಟು ದಪ್ಪದ ಬೇರಿಂಗ್ ಗುಂಡು.

"ದಿನಾ ಬಾಗ್ಲು ಹಾಕ್ಕೊಂಡು ಪೂಜೆ ಮಾಡಿ, ತೀರ್ಥ ಕೊಡೋರು. ಕಣ್ಣಿಗೊತ್ಕೊಂಡು ಕುಡೀತಿದ್ನಲ್ಲ ಶಂಭಣ್ಣ, ಈ ಕಬ್ಬಿಣ ತೊಳೆದ ನೀರಾ?"

ಗುಂಡನ್ನು ಶಂಭು ಗುರುತಿಸಿದ. ಹನ್ನೊಂದು ವರ್ಷದ ಹಿಂದೆ ಮಿಷನ್ನಿನಿಂದ ಅವನೇ ಬಿಚ್ಚಿ ಎಸೆದ ಹಳೇ ಬೇರಿಂಗಿನದು.

* * *

ಹನ್ನೆರಡು ವರ್ಷದ ಹಿಂದೆ ಒಮ್ಮೆ, ಕೊರಳ ದಾರ ಮಿಷನ್ನಿಗೆ ಸಿಕ್ಕೀತೆಂದು ಶಂಭು ತನ್ನ ಲಿಂಗವನ್ನು ಮೊಳೆಗೆ ನೇತುಹಾಕಿ ಕೆಲಸಕ್ಕೆ ನಿಂತಿದ್ದ. "ಪ್ರಾಣ ಹೋದ್ರೂ ಲಿಂಗ ಬುಡಬಾರ್ದು ಕಣ್ಲಾ!" ಎಂದು ಮರುಳಸಿದ್ದಯ್ಯ ದೂರನ್ನು ಅಯ್ನೋರವರೆಗೂ ಒಯ್ದ. ಊರೆಲ್ಲ ನೋಡುತ್ತಿರಲು ಶಂಭು ಅಡ್ಡಬಿದ್ದು ತಪ್ಪೊಪ್ಪಿಕೊಂಡ. ಅಂದು ಬಗ್ಗಿದ ಬೆನ್ನು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

ಮರುವರ್ಷವೇ ಮಿಷನ್ನು ಗರಗರ ಎನ್ನತೊಡಗಿತು. ದಂಡಿನಶಿವರದ ಹಸುಗಳೂ ಬೆಚ್ಚಿ ಹಾಲು ಬತ್ತಿಸಿಕೊಂಡವು ಎಂದರೆ ನಂಬಬೇಕು. ಶಂಭು ಬೆಲ್ಟು ಬದಲಿಸಿದ, ಬೇರಿಂಗು ಬದಲಿಸಿದ, ಫ್ಯಾನಿನ ರೆಕ್ಕೆಗೆ ಅಂಟಿದ ಹೊಟ್ಟು ಕೆರೆದ.

"ಸದ್ದು ನೆಲದಡಿ ಪೈಪಿನ ತಿರುವಲ್ಲೈತೆ ಸಿದ್ದಣ್ಣ. ಏನೋ ಭಾರದ್ದು, ಮೇಲೇಳಕ್ಕಾಗ್ದೆ ಅಲ್ಲೇ ಉರುಳ್ತೈತೆ. ಸಿಮೆಂಟು ಒಡೀಲಾ?"

"ನನಗಿಂತ ನಿನ್ನ ಕಿವಿ ದೊಡ್ಡದೇನ್ಲಾ? ಅದು ಮಿಷನ್ನಿನ ಹುಟ್ಟುಗುಣ. ಒಡೆಯೋದಾದ್ರೆ ನಾನು ಸತ್ತ ದಿನ ಒಡಿ."

* * *

ಶಂಭು ಹಾರೆ ಎತ್ತಿಕೊಂಡು ಶೆಡ್ಡಿಗೆ ಹೋದ.

"ಸಾವಿನ ಮನೇಲಿ ನೆಲ ಒಡೀತಾನಲ್ಲಪ್ಪ!" ಅಂಗಳದಿಂದ ಪಕ್ಕದ ಮನೆಯ ಮಾಯಣ್ಣ ಕೂಗಿದ.

"ಸಿದ್ದಣ್ಣನೇ ಹೇಳಿ ಹೋಗವ್ನೆ ಕಣಣ್ಣ!"

ಪೈಪಿನ ತಿರುವಿನಲ್ಲಿ, ಹೊಟ್ಟಿನ ನಡುವೆ ಲಿಂಗ ಸಿಕ್ಕಿತು. ಎಂದೋ ಸಿದ್ದಣ್ಣ ಬಗ್ಗಿದಾಗ ಕರಡಿಗೆಯಿಂದ ಜಾರಿರಬೇಕು, ಪೈಪು ನುಂಗಿರಬೇಕು. ನೆಲ ಒಡೆದರೆ ಊರಿಗೆ ಗೊತ್ತಾಗುತ್ತಿತ್ತು, ಅದಕ್ಕೇ ಒಡೆಯಗೊಟ್ಟಿರಲಿಲ್ಲ.

ಬಾಗಿಲಲ್ಲಿ ವಿಮಲಮ್ಮ ನಿಂತಿದ್ದಳು. "ಊರಿಗೆ ಹೇಳ್ತೀಯಾ ಶಂಭಣ್ಣ?"

"ಹೇಳ್ದೆ ಬುಡ್ತೀನಾ ಅತ್ಗೆಮ್ಮ? ಅವತ್ತು ನನ್ನ ಅಡ್ಡಬೀಳಿಸ್ದೋನು ಇವ್ನೇ ಅಲ್ವಾ?"

"ಹೇಳು, ಬ್ಯಾಡ ಅನ್ನಲ್ಲ. ಮೊದ್ಲು ಅವ್ರ ಕೈಗೆ ಕೊಡು. ಲಿಂಗ ಇಲ್ದೆ ಮಣ್ಣಿಗೆ ಹೆಂಗಿಡೋದು?"

ತೊಳೆದು ತಂದು ಮರುಳಸಿದ್ದಯ್ಯನ ಎಡ ಅಂಗೈಯಲ್ಲಿಟ್ಟರು. ಹನ್ನೊಂದು ವರ್ಷ ಉರುಳಿ ಉರುಳಿ ಅದು ಕನ್ನಡಿಯಾಗಿತ್ತು. ಅಯ್ನೋರು ಬಗ್ಗಿ ನೋಡಿ ಕಣ್ಣರಳಿಸಿದರು.

"ನೋಡ್ರಪ್ಪ! ಪೂಜೆ ಮಾಡೀ ಮಾಡೀ ಎಷ್ಟು ನುಣುಪಾಗೈತೆ. ಶರಣ ಅಂದ್ರೆ ಇವ್ನು!"

ಇಡೀ ಅಂಗಳ ಕೈಮುಗಿಯಿತು. ಹೇಳಲೆಂದು ತೆರೆದ ಶಂಭುವಿನ ಬಾಯಿ ತೆರೆದೇ ಇತ್ತು. ವಿಮಲಮ್ಮನ ಕೈಗಳು ಸೆರಗಿನೊಳಗೇ ಉಳಿದವು.

ಮಣ್ಣು ಮಾಡಿ ಬಂದ ಸಂಜೆ ಶಂಭು ಒಡೆದ ತಿರುವು ಮುಚ್ಚಿ ಹಸಿ ಸಿಮೆಂಟು ಮೆತ್ತಿದ. ಸ್ವಿಚ್ಚು ಒತ್ತಿದ. ಮಿಷನ್ನು ತೊಟ್ಟಿಲ ಕೂಸಿನಂತೆ ಉಸಿರಾಡಿತು.

ವಿಮಲಮ್ಮ ಬಂದಳು. ಸೆರಗಿನ ಗಂಟು ಬಿಚ್ಚಿ, ಹೊಟ್ಟು ಎಳೆಯುವ ಪೈಪಿನ ಬಾಯಿಗೆ ಕೈ ಹಿಡಿದಳು. ಬೇರಿಂಗ್ ಗುಂಡು ಮಿಂಚಿ ಮಾಯವಾಯಿತು.

ಗರಗರ, ಗರಗರ.

ಸ್ವಿಚ್ಚು ಇಬ್ಬರ ಕೈಗೂ ಎಟುಕುವಷ್ಟೇ ದೂರದಲ್ಲಿತ್ತು. ಯಾರೂ ಕೈ ಚಾಚಲಿಲ್ಲ.