ಎಸೆತಕ್ಕೊಂದು ತೊಗರಿಕಾಳು

ಸಕ್ಕರೆ ಗಿರಣಿಯ ಹಿಂದಿನ ನಮ್ಮ ಓಣಿಯಲ್ಲಿ ಯಾವ ಮನೆಗೆ ಹೋದರೂ ಬೇಸ್‌ಬಾಲ್ ಆಡುವ ಒಬ್ಬ ಹುಡುಗ ಇರುತ್ತಾನೆ. ಅವನ ಬೆನ್ನು ಬಿದ್ದ ಒಬ್ಬ ಹಿರಿಯನೂ ಇರುತ್ತಾನೆ. ನನ್ನ ಎದುರು ಮನೆಯ ವಿಲ್ಕಿನ್‌ಗೆ ಹನ್ನೆರಡು ವರ್ಷ. ಚೆಂಡು ಎಸೆಯುವ ಪಿಚರ್. ಅವನ ತಾತ ತೆಯೊದುಲೊ ಕೂಡ ಒಂದು ಕಾಲಕ್ಕೆ ಗಿರಣಿ ತಂಡದ ಪಿಚರ್. ಈಗ ತಾತನ ಆಟವೆಲ್ಲ ನನ್ನ ತಿಂಡಿ ಅಂಗಡಿಯ ಮುಂದೆ, ಚುಕ್ಕೆ ಬಿಲ್ಲೆಗಳ ಡಾಮಿನೋ ಮೇಜಿನ ಮೇಲೆ. ನಾನು ಎರ್ಸಿಲಿಯಾ, ಓಣಿಯ ಮಕ್ಕಳಿಗೆಲ್ಲ ಅತ್ತೆ.

ಒಂದು ಸೋಮವಾರ ವಿಲ್ಕಿನ್ ತಿಂಡಿಗೆ ಬಂದ. ಬೇಯಿಸಿ ಮಸೆದ ಬಾಳೆಕಾಯಿ ಕೊಟ್ಟೆ. ಚಮಚವನ್ನು ಎಡಗೈಯಲ್ಲಿ ಹಿಡಿದ.

"ಯಾಕೋ, ಬಲಗೈಗೆ ಏನಾಯ್ತು?"

"ಏನಿಲ್ಲ ಅತ್ತೆ. ಮೊಣಕೈ ಚುಚ್ಚುತ್ತೆ ಅಷ್ಟೆ. ತಾತ ನೋವಿನ ಮದ್ದು ಬೆರೋನ್ ಹಚ್ಚಿ ಉಜ್ಜಿದ್ರೆ ನೋವೇ ಗೊತ್ತಾಗಲ್ಲ."

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನರ್ಸ್ ಮಿಲ್ಕೆಯಾ ಅವನ ಮೊಣಕೈಯ ಒಳಬದಿ ಒತ್ತಿ ನೋಡಿದಳು. ಹುಡುಗ ತುಟಿ ಕಚ್ಚಿಕೊಂಡ. ಅವಳು ನೇರ ಡಾಮಿನೋ ಮೇಜಿಗೆ ಹೋದಳು.

"ತಾತ, ಶನಿವಾರ ಹುಡುಗ ಎಷ್ಟು ಚೆಂಡು ಎಸೆದ?"

"ಐವತ್ತೈದು. ಕೋಚ್ ಬರೆದಿಟ್ಟಿದಾನೆ. ಈ ವಯಸ್ಸಿಗೆ ದಿನಕ್ಕೆ ಎಂಬತ್ತೈದು ದಾಟಬಾರ್ದು ಅಂತ ನಂಗೂ ಗೊತ್ತು ಮಗಳೇ."

"ಭಾನುವಾರ?"

"ಅದು ಬೇರೆ ತಂಡ, ಗಿರಣಿಯವರದು. ಅಲ್ಲೂ ಐವತ್ತೆಂಟೇ."

"ಎರಡು ತಂಡ, ಎರಡು ಕೋಚು, ಎರಡು ಪುಸ್ತಕ. ಹುಡುಗನಿಗೆ ಎಸೆಯೋ ಕೈ ಎಷ್ಟಿದೆ?"

ಮೇಜಿನ ಸುತ್ತ ಇದ್ದವರು ನಕ್ಕರು. ತಾತ ನಗಲಿಲ್ಲ.

"ಐವತ್ತು ದಾಟಿದ್ರೆ ಮೂರು ದಿನ ಎಸೀಬಾರ್ದು ತಾತ. ಅರವತ್ತೈದು ದಾಟಿದ್ರೆ ನಾಲ್ಕು ದಿನ. ಇವನು ಮರುದಿನಾನೇ ಎಸೆದಿದಾನೆ. ಸಂಜೆ ಓಣೀಲಿ ನೀರಿನ ಕ್ಯಾನಿನ ಮುಚ್ಚಳ ಎಸೆದು, ಪೊರಕೆ ಕೋಲಲ್ಲಿ ಹೊಡೆದು ಆಡ್ತಾರಲ್ಲ, ಅದನ್ನ ಯಾರು ಎಣಿಸಿದ್ರು?"

"ಇನ್ನು ಮುಚ್ಚಳಾನೂ ಎಣಿಸ್ಬೇಕಾ? ಸುಮ್ನೆ ಕೂತ ಕೈ ತುಕ್ಕು ಹಿಡಿಯುತ್ತೆ. ನಾವೇನು ಎಣಿಸಿ ಎಸೆದ್ವಾ? ಮುಂದಿನ ತಿಂಗಳು ಬೇಸ್‌ಬಾಲ್ ಅಕಾಡೆಮಿಯವರು ಹುಡುಗರನ್ನ ನೋಡಿ ಆರಿಸೋಕೆ ಬರ್ತಿದಾರೆ. ಈಗ ನಿಲ್ಸಿದ್ರೆ ಅವನ ಕಥೆ ಮುಗೀತು."

"ಇಪ್ಪತ್ತೆಂಟು ಡಾಮಿನೋದಲ್ಲಿ ಯಾರ ಕೈಲಿ ಏನಿದೆ ಅಂತ ತಲೇಲಿ ಇಟ್ಕೊಳ್ತೀರಿ. ಎರಡು ದಿನದ ಲೆಕ್ಕ ಕೂಡಿಸೋಕಾಗಲ್ವಾ?" ಎಂದಳು ಮಿಲ್ಕೆಯಾ. ಆಮೇಲೆ ದನಿ ತಗ್ಗಿಸಿದಳು. "ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ನೀವು ಬಲಗೈ ಪಿಚರ್. ಡಾಮಿನೋ ಯಾಕೆ ಎಡಗೈಲಿ ಇಡ್ತೀರಿ?"

ಉತ್ತರ ನಮಗೆಲ್ಲ ಗೊತ್ತಿತ್ತು. ಹತ್ತೊಂಬತ್ತನೇ ವಯಸ್ಸಿಗೇ ಕೆಟ್ಟು ಕೂತ ಬಲಗೈ ಅದು. ಥಂಡಿಗಾಳಿ ತಗುಲಿತ್ತು ಎಂದು ತಾತ ನಲವತ್ತು ವರ್ಷ ಹೇಳಿಕೊಂಡು ಬಂದಿದ್ದರು. ಗೆಲ್ಲುವ ಆಟವನ್ನು ಅರ್ಧಕ್ಕೆ ಬಿಟ್ಟು ಅವರು ಎದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ತಾತ ಹುಡುಗನನ್ನು ಬಸ್ಸಿನಲ್ಲಿ ಕರೆದೊಯ್ದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಇನ್ನೂ ಬೆಳೆಯುತ್ತಿರುವ ಎಳೆ ಮೂಳೆಯ ಅಂಚಿಗೆ ಪೆಟ್ಟಾಗಿತ್ತು, ಆದರೆ ಕಿತ್ತು ಬಂದಿರಲಿಲ್ಲ. "ಸರಿಯಾದ ಹೊತ್ತಿಗೆ ಬಂದ್ರಿ," ಎಂದರು ಡಾಕ್ಟರು. "ಆರು ವಾರ ಎಸೆಯೋದು ಬೇಡ, ಆಮೇಲೆ ನಾನು ನೋಡ್ತೀನಿ. ಮುಲಾಮು ಉಜ್ಜಿ ನೋವು ಮುಚ್ಚಬೇಡಿ. ನೋವು ಬಂತು ಅಂದ್ರೆ ಆಟ ನಿಲ್ಸಿ."

ಸಂಜೆ ವಿಲ್ಕಿನ್ ನನ್ನ ಕಿವಿಯಲ್ಲಿ ಹೇಳಿದ: "ಅತ್ತೆ, ತಾತ ಬಸ್ಸಲ್ಲಿ ಎಲ್ಲರ ಮುಂದೇನೇ ಅತ್ತುಬಿಟ್ರು. ನಂಗೆ ನಾಚಿಕೆ ಆಯ್ತು." ಹುಡುಗನ ಕೈ ಉಳಿಯಿತಲ್ಲ ಎಂದು ನನಗೂ ಹೋದ ಜೀವ ಬಂದಂತಾಗಿ, ಅವನಿಗೆ ಎರಡು ಕರಿದ ತಿಂಡಿ ಹೆಚ್ಚಿಗೆ ಹಾಕಿದೆ.

ಅಕಾಡೆಮಿಯವರು ಬಂದರು, ಹೋದರು. "ಮುಂದಿನ ವರ್ಷಾನೂ ಬರ್ತಾರೆ. ಕೈ ಇದ್ರೆ ತೋರಿಸ್ಬಹುದು," ಎಂದರು ತಾತ. ಎರಡು ತಂಡದಲ್ಲಿ ಒಂದನ್ನು ಬಿಡಿಸಿದರು. ಡಾಕ್ಟರು ಸರಿ ಎಂದ ಮೇಲೆ ನನ್ನ ಹತ್ತಿರ ಒಣ ತೊಗರಿಕಾಳು ಕೇಳಿ ಪಡೆದರು. ಎಣಿಸಿ ಮೂವತ್ತೈದು. ಮೊದಮೊದಲು ಅಷ್ಟೇ ಸಾಕು ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಎಸೆತಕ್ಕೆ ಒಂದು ಕಾಳು ಈ ಜೇಬಿನಿಂದ ಆ ಜೇಬಿಗೆ.

ಮೊದಲ ಪಂದ್ಯ ಸರಿಸಮ ನಡೆಯುತ್ತಿತ್ತು. ಊರೆಲ್ಲ ಕೂಗುತ್ತಿದ್ದಾಗ ತಾತ ಮೈದಾನಕ್ಕೆ ಇಳಿದರು.

"ಈ ಬ್ಯಾಟರ್ ಒಬ್ಬನನ್ನ ಔಟ್ ಮಾಡಿ ಬರ್ಲಿ ತಾತ," ಎಂದ ಕೋಚ್.

ತಾತ ಖಾಲಿ ಜೇಬನ್ನು ಹೊರಗೆಳೆದು ತೋರಿಸಿದರು. "ಕಾಳು ಮುಗೀತಪ್ಪಾ."

ನಮ್ಮವರು ಒಂದು ರನ್ನಿನಿಂದ ಸೋತರು. ಸೋತು ಬಂದ ವಿಲ್ಕಿನ್ ಮುಖ ಊದಿಸಿಕೊಂಡೇ ನನ್ನ ಅಂಗಡಿಯಲ್ಲಿ ಕೂತ. ತಟ್ಟೆ ಇಟ್ಟೆ. ಚಮಚವನ್ನು ಬಲಗೈಯಲ್ಲಿ ಎತ್ತಿಕೊಂಡ. ತಾತ ಅದನ್ನೇ ನೋಡುತ್ತ ಎಡಗೈಯಿಂದ ಡಾಮಿನೋ ಇಟ್ಟರು, ಅದೂ ತಪ್ಪು ಡಾಮಿನೋ.

ಓದುತ್ತಿರುವ ಅಮ್ಮಂದಿರೇ, ಅಜ್ಜಂದಿರೇ, ನಿಮ್ಮ ಮನೆಯಲ್ಲೂ ಎಸೆಯುವ ಕೈ ಇದ್ದರೆ ಕೋಚ್ ಎಣಿಸುತ್ತಾನೆ ಎಂದು ಸುಮ್ಮನಿರಬೇಡಿ. ಅವನು ತನ್ನ ಪಂದ್ಯವನ್ನಷ್ಟೇ ಎಣಿಸುತ್ತಾನೆ. ಎಲ್ಲ ತಂಡದ್ದೂ, ಓಣಿಯದ್ದೂ ಕೂಡಿಸುವವರು ನೀವೇ. ವರ್ಷದಲ್ಲಿ ನಾಲ್ಕು ತಿಂಗಳಾದರೂ ಆ ಕೈಗೆ ಎಸೆತದಿಂದ ಬಿಡುವು ಕೊಡಿ. ನಾಳೆಯ ಪಂದ್ಯಕ್ಕೆ ಹೊರಡುವಾಗ ಒಂದು ಹಿಡಿ ತೊಗರಿ ಜೇಬಿಗೆ ಹಾಕಿಕೊಳ್ಳಿ. ಹುಡುಗ ನಗುತ್ತ ಮನೆಗೆ ಬಂದ ಮೇಲೆ ಅದನ್ನೇ ಅನ್ನದ ಜೊತೆ ಬೇಯಿಸಿ ಬಡಿಸಿ.